ಓಣಿಯ ಆಚೆ ಬದಿಗೆ ಬಿದ್ದ ಮಳೆ

ಕಡಲ ಹತ್ತಿರದ ಒಂದೂರಿನಲ್ಲಿ ಒಂದು ಓಣಿ ಇತ್ತು. ಆಟೋರಿಕ್ಷಾ ಬಂದರೆ ಎದುರಿಗಿದ್ದವರು ಬೇಲಿಗೆ ಒರಗಿ ನಿಲ್ಲಬೇಕು, ಅಷ್ಟೇ ಅಗಲ. ಓಣಿಯ ಮೂಡು ಬದಿಯಲ್ಲಿ ವಾರಿಜಾಳ ಮನೆ. ಸರಿಯಾಗಿ ಎದುರಿಗೆ, ಕಡಲಿನ ಬದಿಯಲ್ಲಿ, ರತ್ನಾವತಿಯ ಮನೆ. ಎರಡೂ ಮನೆಗಳ ಮುಂದೆ ಸೆಗಣಿ ಸಾರಿಸಿದ ಅಂಗಳ. ಬೇಸಿಗೆ ಬಂತೆಂದರೆ ಎರಡೂ ಅಂಗಳದಲ್ಲಿ ಓಲೆಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು.

ಆ ಊರಿನ ಬೇಸಿಗೆ ಎಂಥದ್ದೆಂದು ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಸ್ನಾನ ಮಾಡಿ ಮೈ ಒರೆಸಿಕೊಂಡರೆ, ಒರೆಸಿದ್ದು ನೀರೋ ಬೆವರೋ ತಿಳಿಯುವುದಿಲ್ಲ. ಬಿಸಿಲು ತಲೆ ಸೀಳುವ ಹಾಗಿರುತ್ತದೆ, ಆದರೆ ಹಗ್ಗದ ಮೇಲಿನ ಸೀರೆಯ ಸೆರಗು ಸಂಜೆಗೂ ತೇವ. ಭರಣಿಯ ಉಪ್ಪು ಯಾರೂ ಮುಟ್ಟದೆ ತಾನಾಗಿಯೇ ನೀರಾಗುತ್ತದೆ. ಇಷ್ಟನ್ನು ಹೇಗೋ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಮಧ್ಯಾಹ್ನದ ಮೇಲೆ ಬರುವ ಮಳೆ. ಬರುತ್ತೇನೆಂದು ಗುಡುಗಿ ಬರುವುದಿಲ್ಲ, ಬರುವುದಿಲ್ಲವೆಂದು ನಂಬಿಸಿ ಬರುತ್ತದೆ. ಅಂಗಡಿಯ ಎದುರು ಸುರಿದು ಅಂಗಡಿಯ ಹಿಂದೆ ಸುರಿಯುವುದಿಲ್ಲ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿಯೇ ಇತ್ತು ಎಂದು ಆ ಊರಿನ ಹಿರಿಯರು ಹೇಳುವುದುಂಟು. ಅದನ್ನು ಕೇಳಿ ಯಾರೂ ನಗುವುದಿಲ್ಲ.

ಇಂಥ ಮಳೆಗಾಗಿಯೇ ಆ ಓಣಿಯ ಹೆಂಗಸರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮೋಡ ಕಂಡ ಕೂಡಲೇ ಮನೆಯಲ್ಲಿದ್ದವರು ಓಡಬೇಕು. ಆದರೆ ತಮ್ಮ ಅಂಗಳಕ್ಕಲ್ಲ. ಮೊದಲು ಎದುರು ಮನೆಯ ಚಾಪೆ ಎತ್ತಿ ಅವರ ಜಗಲಿಗೆ ಸೇರಿಸಬೇಕು. ತಮ್ಮದು ಆಮೇಲೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಇದು ತಲೆಬುಡ ಅರ್ಥವಾಗುತ್ತಿರಲಿಲ್ಲ. ವಾರಿಜಾಳೂ ಬಂದ ಹೊಸದರಲ್ಲಿ ಕೇಳಿದ್ದಳು. ಓಣಿಯ ತುದಿಯ ಮನೆಯ ಸೇಸಜ್ಜಿ ಎಲೆಯಡಿಕೆ ಮೆಲ್ಲುತ್ತಾ ಉತ್ತರ ಕೊಟ್ಟಿದ್ದಳು.

"ನಿನ್ನದನ್ನು ನೀನೇ ಎತ್ತುವಾಗ ಕೈಗೆ ಗಡಿಬಿಡಿ. ಅರ್ಧ ಮುರೀತೀ, ಅರ್ಧ ಚೆಲ್ತೀ. ಬೇರೆಯವರದ್ದಾದ್ರೆ ಜೋಪಾನ ಮಾಡ್ತೀ, ಮುರಿದ್ರೆ ಅವರು ಎಂತ ಹೇಳಿಯಾರು ಅಂತ. ಮತ್ತೆ ನಿನ್ನದರ ಚಿಂತೆ ನಿಂಗೆ ಯಾಕೆ ಮಗಾ? ಅಷ್ಟೊತ್ತಿಗೆ ಎದುರಿನವಳು ನಿನ್ನ ಅಂಗಳದಲ್ಲಿ ಇರ್ತಾಳಲ್ಲ."

ವಾರಿಜಾಳಿಗೆ ಒಪ್ಪಿಗೆಯಾಯಿತು. ಅಂದಿನಿಂದ ಎಷ್ಟೋ ಬೇಸಿಗೆ ಅವಳು ರತ್ನಾವತಿಯ ಚಾಪೆ ಎತ್ತಿದಳು, ರತ್ನಾವತಿ ಅವಳದ್ದನ್ನು ಎತ್ತಿದಳು. ಒಬ್ಬರ ಮನೆಯ ಜಗಲಿ ಇನ್ನೊಬ್ಬರಿಗೆ ಕಣ್ಣುಮುಚ್ಚಿ ನಡೆಯುವಷ್ಟು ಪರಿಚಯ.

ಆ ವರ್ಷ ಪತ್ತನಾಜೆ, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಹತ್ತಿರ ಬಂದಿತ್ತು. ಪತ್ತನಾಜೆ ಕಳೆದರೆ ಆ ಸೀಮೆಯಲ್ಲಿ ಮಳೆಗಾಲದ ಬಾಗಿಲು ತೆರೆದಂತೆ, ಮತ್ತೆ ದೀಪಾವಳಿಯವರೆಗೆ ಅಂಗಳದಲ್ಲಿ ಏನೂ ಒಣಗುವುದಿಲ್ಲ. ಮರದ ಹಲಸೂ ಬಹುಪಾಲು ಹಣ್ಣಾಗಿ ಹೋಗಿತ್ತು. ಹಪ್ಪಳಕ್ಕೆ ಬೇಕಾದದ್ದು ಬೆಳೆದ ಕಾಯಿ. ಹಣ್ಣಾದರೆ ಕಡುಬಿಗೆ ಆಗುತ್ತದೆ, ಹಪ್ಪಳಕ್ಕೆ ಆಗುವುದಿಲ್ಲ. ಹಾಗಾಗಿ ಎರಡು ಅಂಗಳದಲ್ಲಿ ಒಣಗುತ್ತಿದ್ದದ್ದು ಆ ವರ್ಷದ ಕೊನೆಯ ಹಪ್ಪಳ.

ವಾರಿಜಾ ಹಪ್ಪಳ ಒತ್ತುವುದರಲ್ಲಿ ಎತ್ತಿದ ಕೈ. ಮಣೆಯ ಮಧ್ಯೆ ಉಂಡೆ ಇಟ್ಟು ಒತ್ತಿದರೆ ಅಂಚು ಒಂದೆಳೆ ಆಚೀಚೆ ಆಗುತ್ತಿರಲಿಲ್ಲ. ಮೆಣಸು, ಕೊತ್ತಂಬರಿ ಜೋರಾಗಿ ಹಾಕುತ್ತಿದ್ದಳು. ಮುಂದಿನ ವಾರ ಅವಳ ನಾದಿನಿ ಬರುವವಳಿದ್ದಳು. ಬಂದವಳು ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡದೆ ಹೋಗುವವಳಲ್ಲ. ಡಬ್ಬಿ ತುಂಬಿರಬೇಕೆಂಬುದು ವಾರಿಜಾಳ ಹಟ.

ರತ್ನಾವತಿಯ ಹಪ್ಪಳದ ಕತೆ ಬೇರೆ. ಅವಳ ಮಗಳು ಪ್ರಮೀಳಾ ಗಂಡನ ಊರಿನಲ್ಲಿ ಚೊಚ್ಚಲ ಬಸುರಿ. ಆ ಹುಡುಗಿಗೆ ಅನ್ನ ಸೇರುತ್ತಿರಲಿಲ್ಲ, ಹಾಲು ಸೇರುತ್ತಿರಲಿಲ್ಲ, ಮದ್ದು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಖ ಬಾಡಿ, ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಳು. ನಿಲ್ಲುತ್ತಿದ್ದದ್ದು ಒಂದೇ: ಗಂಜಿ, ಅದರ ಜೊತೆಗೆ ತವರಿನಿಂದ ಹೋದ ಹಲಸಿನ ಹಪ್ಪಳ, ಅದೂ ಕೆಂಡದ ಮೇಲೆ ಸುಟ್ಟದ್ದು. ಹೋದ ತಿಂಗಳು ಕಳಿಸಿದ್ದು ಮುಗಿಯುತ್ತಾ ಬಂದಿತ್ತು. ಖಾರ ತಾಗಿದರೆ ಹೊಟ್ಟೆ ತೊಳಸುತ್ತದೆಂದು ರತ್ನಾವತಿ ಈ ಸಲ ಮೆಣಸನ್ನೇ ಮುಟ್ಟದೆ, ಉಪ್ಪು ಮತ್ತು ಸ್ವಲ್ಪ ಜೀರಿಗೆ ಮಾತ್ರ ಹಾಕಿ ಬೇರೆಯಾಗಿ ಕುಟ್ಟಿ ಮಾಡಿದ್ದಳು. ಇನ್ನೊಂದು ಸಂಜೆಯ ಬಿಸಿಲು ಸಿಕ್ಕಿದರೆ ಕಟ್ಟಿಡುವ ಹಾಗಿತ್ತು.

ಅಂದು ಓಣಿಯವರೆಲ್ಲ ಪಕ್ಕದ ಊರಿಗೆ ಮದುವೆಗೆ ಹೋಗಿದ್ದರು. ಉಳಿದವರು ಇವರಿಬ್ಬರು, ಮತ್ತೆ ಕಾಲು ನೋವಿನ ಸೇಸಜ್ಜಿ. ಊಟ ಮುಗಿದ ಮೇಲೆ ರತ್ನಾವತಿ ಕೊಡೆ ಹಿಡಿದುಕೊಂಡು ಓಣಿಗೆ ಇಳಿದಳು.

"ವಾರಿಜಾ, ನಾಳೆ ಬೆಳಿಗ್ಗೆ ಪ್ರಮೀಳಾನ ಊರಿಗೆ ಹೋಗುವವರು ಒಬ್ರು ಇದ್ದಾರಂತೆ, ಬಸ್‌ಸ್ಟ್ಯಾಂಡಿನ ಹತ್ರ ಮನೆ. ಹಪ್ಪಳ ಕೊಂಡೋಗ್ತೀರಾ ಅಂತ ಕೇಳಿ ಬರ್ತೇನೆ. ಅಂಗಳ ಒಂಚೂರು ನೋಡ್ಕೊಳ್ತೀಯಾ?"

"ಎಂತ ಕೇಳೋದು ರತ್ನಕ್ಕ, ನಾನಿಲ್ವಾ? ನೀವು ಹೋಗಿ ಬನ್ನಿ," ಎಂದಳು ವಾರಿಜಾ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವಳು ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದಳು.

ಬಿಸಿಲು ಸುಡುತ್ತಿತ್ತು. ತೆಂಗಿನ ಗರಿ ಅಲುಗುತ್ತಿರಲಿಲ್ಲ. ವಾರಿಜಾ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಳು. ಬೆವರು ಬೆನ್ನಿನ ಮೇಲೆ ಇಳಿದು ಇಳಿದು ರವಿಕೆ ಅಂಟಿಕೊಂಡಿತ್ತು. ಕಣ್ಣು ತೂಕಡಿಸುವಷ್ಟರಲ್ಲಿ ಕತ್ತಲಾದಂತಾಯಿತು. ತಲೆಯೆತ್ತಿ ನೋಡಿದರೆ ಅವಳ ಮನೆಯ ಹೆಂಚಿನ ಮೇಲೆ, ಘಟ್ಟದ ಕಡೆಯಿಂದ, ಮಸಿ ಬಳಿದಂಥ ಮೋಡ ಎದ್ದು ನಿಂತಿತ್ತು. ಯಾವಾಗ ಬಂತು, ಹೇಗೆ ಬಂತು, ಒಂದೂ ತಿಳಿಯಲಿಲ್ಲ. ಮೋಡದ ನೆರಳು ಅವಳ ಅಂಗಳದಲ್ಲೇ ಇತ್ತು. ಓಣಿಯ ಆಚೆ ರತ್ನಾವತಿಯ ಅಂಗಳದಲ್ಲಿ ಬಿಸಿಲು ಚೆಲ್ಲಿತ್ತು, ಹಪ್ಪಳಗಳು ಬೆಳ್ಳಗೆ ಹೊಳೆಯುತ್ತಿದ್ದವು.

ವಾರಿಜಾ ಎದ್ದಳು. ಅಭ್ಯಾಸಬಲದಿಂದ ಕಾಲು ಓಣಿಯ ಕಡೆಗೆ ತಿರುಗಿತು. ಮೆಟ್ಟಿಲು ಇಳಿದೂ ಆಯಿತು. ಅಲ್ಲಿ ನಿಂತಳು.

ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಸೇಸಜ್ಜಿಗೆ ಆ ಹೊತ್ತು ನಿದ್ದೆ. ಎದುರಿನಿಂದ ಓಡಿ ಬಂದು ತನ್ನ ಚಾಪೆ ಎತ್ತಲು ರತ್ನಾವತಿ ಮನೆಯಲ್ಲಿಲ್ಲ. ಮೋಡ ನಿಂತಿರುವುದು ತನ್ನ ತಲೆಯ ಮೇಲೆ. ಅತ್ತ ಬಿಸಿಲಿದೆ, ಅವಳದ್ದಕ್ಕೆ ಎಂತ ಅವಸರ? ತನ್ನದನ್ನು ಚಕ್ಕನೆ ಒಳಗಿಟ್ಟು ಆಮೇಲೆ ಅವಳದ್ದು ತೆಗೆದರಾಯಿತು. ಹೀಗೆಂದು ಮನಸ್ಸು ಲೆಕ್ಕ ಹಾಕಿತು. ಲೆಕ್ಕ ತಪ್ಪೆಂದು ಯಾರು ಹೇಳಿಯಾರು? ನೀವಾದರೂ ನಾನಾದರೂ ಅದನ್ನೇ ಹಾಕುತ್ತಿದ್ದೆವು. ವಾರಿಜಾ ತಿರುಗಿ ತನ್ನ ಅಂಗಳಕ್ಕೆ ಓಡಿದಳು.

ಸೇಸಜ್ಜಿ ಹೇಳಿದಂತೆಯೇ ಕೈಗೆ ಗಡಿಬಿಡಿ ಹತ್ತಿತು. ಒಂದು ಚಾಪೆ ಎತ್ತುವಾಗ ಹಪ್ಪಳ ಜಾರಿ ನೆಲಕ್ಕೆ ಬಿತ್ತು, ಹೆಕ್ಕುತ್ತಾ ಕೂತಳು. ಇನ್ನೊಂದನ್ನು ಜಗಲಿಯ ಕಂಬಕ್ಕೆ ತಾಗಿಸಿ ನಾಲ್ಕೈದು ಮುರಿದಳು. ಕೊನೆಯ ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದ ನಡುವೆ ಇದ್ದಾಗ ಗಾಳಿ ಬೀಸಿತು. ಘಟ್ಟದ ಕಡೆಯ ಗಾಳಿ, ಹಿಂದಿನಿಂದ ತಳ್ಳಿದಂತೆ ಬಂತು. ಅದರ ಬೆನ್ನಿಗೇ ಧೋ ಎಂಬ ಸದ್ದು ಕೇಳಿಸಿತು.

ಮಳೆ ಬಂತು. ತನ್ನ ಮೈ ಮೇಲೆ ಯಾಕೆ ಬೀಳುತ್ತಿಲ್ಲವೆಂದು ವಾರಿಜಾ ಮೇಲೆ ನೋಡಿದಳು. ಆಮೇಲೆ ಎದುರು ನೋಡಿದಳು.

ಓಣಿಯ ಆಚೆ ಬದಿಗೆ ಮಳೆ ಸುರಿಯುತ್ತಿತ್ತು. ಅವಳ ಹೆಂಚಿನ ಮೇಲೆ ನಿಂತಿದ್ದ ಮೋಡದ ಮಳೆಯನ್ನು ಗಾಳಿ ಅವಳ ತಲೆ ದಾಟಿಸಿ ಕೊಂಡೊಯ್ದು ಎದುರಿನ ಅಂಗಳಕ್ಕೆ ಸುರಿಯುತ್ತಿತ್ತು. ದಪ್ಪ ದಪ್ಪ ಹನಿ, ನೆಲಕ್ಕೆ ಬಿದ್ದು ಮೊಣಕಾಲೆತ್ತರ ಚಿಮ್ಮುವಂಥವು. ಓಣಿಯ ನಡುವೆ ಗೆರೆ ಎಳೆದಂತೆ ಆಚೆ ಅರ್ಧ ಕೆಸರು, ಈಚೆ ಅರ್ಧ ಧೂಳು. ಈಚೆ ಅವಳ ಅಂಗಳದಲ್ಲಿ ಒಂದು ಹನಿ ಇಲ್ಲ. ನಂಬಿದರೆ ನಂಬಿ, ಅವಳ ಕಾಲ ಬುಡದಲ್ಲಿ ಕೋಳಿಯೊಂದು ಮಣ್ಣು ಕೆದರಿಕೊಂಡು ಧೂಳಿನಲ್ಲಿ ಹೊರಳುತ್ತಿತ್ತು.

ವಾರಿಜಾ ಗರ ಬಡಿದವರಂತೆ ನಿಂತಳು. ಕೈಯಲ್ಲಿ ತನ್ನ ಒಣ ಹಪ್ಪಳದ ಚಾಪೆ. ಕಣ್ಣೆದುರಿಗೇ ರತ್ನಾವತಿಯ ಹಪ್ಪಳ ಮೊದಲು ಮೆತ್ತಗಾಯಿತು, ಆಮೇಲೆ ಒಂದಕ್ಕೊಂದು ಅಂಟಿಕೊಂಡಿತು, ಆಮೇಲೆ ಹಿಟ್ಟಾಗಿ ಚಾಪೆಯ ಅಂಚಿನಿಂದ ಇಳಿದು ಅಂಗಳದ ನೀರಿನ ಜೊತೆ ಹರಿಯಿತು. ಓಡಬೇಕು ಅನ್ನಿಸಿತು, ಕಾಲು ಏಳಲಿಲ್ಲ. ಎದ್ದಾಗ ಮಳೆ ನಿಂತಿತ್ತು. ಬಂದಷ್ಟೇ ಬೇಗ ನಿಂತುಬಿಟ್ಟಿತು, ಕೆಲಸ ಮುಗಿಸಿದವರ ಹಾಗೆ. ಮತ್ತೆ ಎರಡೂ ಬದಿಗೆ ಬಿಸಿಲು ಬಂತು.

ಅವಳಿಗೆ ಹೊಳೆದದ್ದು ಆಗ. ತನ್ನದನ್ನು ಎತ್ತುವ ಅಗತ್ಯವೇ ಇರಲಿಲ್ಲ. ಮುಟ್ಟದೆ ಬಿಟ್ಟಿದ್ದರೂ ತನ್ನದು ಒಂದೂ ಹಾಳಾಗುತ್ತಿರಲಿಲ್ಲ. ಮೆಟ್ಟಿಲು ಇಳಿದ ಕಾಲು ಹೊರಟ ಕಡೆಗೇ ಹೋಗಿದ್ದರೆ ಎರಡೂ ಮನೆಯದ್ದು ಉಳಿಯುತ್ತಿತ್ತು.

ಬಸ್‌ಸ್ಟ್ಯಾಂಡಿನ ಕಡೆಯಿಂದ ರತ್ನಾವತಿ ಓಡುತ್ತಾ ಬರುವುದು ಕಾಣಿಸಿತು. ಕೊಡೆ ಮಡಚಿದ್ದು ಮಡಚಿದಂತೇ ಕಂಕುಳಲ್ಲಿತ್ತು, ಸೀರೆ ನೆನೆದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ವಾರಿಜಾಳಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ಆದರೆ ರತ್ನಾವತಿ ತನ್ನ ಮನೆಯ ಕಡೆಗೆ ತಿರುಗಲಿಲ್ಲ. ತನ್ನ ಅಂಗಳವನ್ನು ಕಣ್ಣೆತ್ತಿಯೂ ನೋಡದೆ ನೇರ ವಾರಿಜಾಳ ಅಂಗಳಕ್ಕೆ ನುಗ್ಗಿದಳು. ಅಷ್ಟು ವರ್ಷದ ಅಭ್ಯಾಸ.

"ನಿನ್ನದು ಒಳಗಾಯ್ತಾ ವಾರಿಜಾ? ದಾರಿಯಲ್ಲಿ ಮಳೆ ಹಿಡೀತು. ಇಲ್ಲಿ ನೀನೊಬ್ಳೇ, ನಿನ್ನದನ್ನು ಎತ್ತುವವರು ಯಾರಿದ್ದಾರೆ ಅಂತ ಓಡಿ ಬಂದೆ," ಎಂದು ಏದುಸಿರು ಬಿಟ್ಟಳು.

ರತ್ನಾವತಿ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ಚಾಪೆಗಳನ್ನು ನೋಡಿದಳು, ಸದ್ಯ ಎಂದು ಎದೆಗೆ ಕೈ ಇಟ್ಟುಕೊಂಡಳು. ಆಮೇಲೆ ಅವಳ ಕಣ್ಣು ಕೆಳಗೆ ಇಳಿಯಿತು. ಅಂಗಳದ ನೆಲ ಒಣಗಿತ್ತು. ಕೋಳಿ ಇನ್ನೂ ಧೂಳಿನಲ್ಲೇ ಇತ್ತು. ನಿಧಾನವಾಗಿ ತಿರುಗಿ ಓಣಿಯ ಆಚೆ ನೋಡಿದಳು.

"ಮೊದಲು ನಿನ್ನದು ತೆಗೆದ್ಯಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳುವವರು ಕೇಳಿದಂತಿತ್ತು.

ಇಲ್ಲವೆನ್ನಲು ವಾರಿಜಾಳಿಗೆ ದಾರಿ ಇತ್ತು. ಮಳೆ ಆಚೆ ಮೊದಲು ಬಿತ್ತು, ನನಗೆ ಗೊತ್ತಾಗಲಿಲ್ಲ ಎಂದಿದ್ದರೆ ಕೇಳುವವರಿರಲಿಲ್ಲ. ಆದರೆ ಒದ್ದೆ ಸೀರೆಯಲ್ಲಿ ಮೊದಲು ತನ್ನ ಅಂಗಳಕ್ಕೆ ಓಡಿ ಬಂದವಳ ಎದುರು ಸುಳ್ಳು ಹೇಳಲು ಆಗಲಿಲ್ಲ.

"ಹೌದು ರತ್ನಕ್ಕ," ಎಂದಳು. "ಮೋಡ ನನ್ನ ಮನೆ ಮೇಲೆ ಇತ್ತು."

ರತ್ನಾವತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. "ಪ್ರಮೀಳಾಗೆ ಎಂತ ಹೇಳುದು ನಾನು?" ಎಂದಳು, ಯಾರಿಗೂ ಅಲ್ಲದಂತೆ. ಆಮೇಲೆ ಓಣಿ ದಾಟಿ ಹೋಗಿ ಚಾಪೆಗೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ಬಿಡಿಸಲು ಕೂತಳು. ಬಿಡಿಸಿ ಮಾಡುವುದೇನೂ ಇರಲಿಲ್ಲ.

ವಾರಿಜಾ ತನ್ನ ಹಪ್ಪಳವನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹಿಂದೆಯೇ ಹೋದಳು. ನಾದಿನಿ ಡಬ್ಬಿ ತೆಗೆದು ಏನಾದರೂ ಹೇಳಿಕೊಳ್ಳಲಿ, ಇದನ್ನು ಕಳಿಸಿ ರತ್ನಕ್ಕ ಎಂದು ಬುಟ್ಟಿ ಮುಂದಿಟ್ಟಳು. ರತ್ನಾವತಿ ಒಂದು ಚೂರು ಮುರಿದು ನಾಲಗೆಯ ಮೇಲಿಟ್ಟುಕೊಂಡಳು.

"ಖಾರ ಉಂಟು ಮಾರಾಯ್ತಿ. ಅವಳಿಗೆ ಆಗುದಿಲ್ಲ," ಎಂದು ಬುಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ವಾರಿಜಾಳ ಸ್ಥಿತಿ. ಕೊಟ್ಟು ತೀರಿಸೋಣವೆಂದರೆ ಕೊಡುವಂಥದ್ದು ತನ್ನ ಮನೆಯಲ್ಲಿ ಇರಲಿಲ್ಲ. ಅವಳು ಸೇಸಜ್ಜಿಯ ಮನೆಗೆ ಹೋಗಿ ಜಗಲಿಯ ಮೇಲೆ ಕುಸಿದು ಕೂತು, ಆದದ್ದನ್ನೆಲ್ಲ ಹೇಳಿ ಅತ್ತಳು.

"ಮೋಡ ನಿಂತಲ್ಲಿ ಮಳೆ ಬೀಳ್ತದೆ ಅಂತ ನಿಂಗೆ ಹೇಳಿದ್ದು ಯಾರು?" ಎಂದಳು ಸೇಸಜ್ಜಿ. "ಗಾಳಿ ಕೊಂಡೋದಲ್ಲಿ ಬೀಳ್ತದೆ. ನಂಗೆ ಇಷ್ಟು ವಯಸ್ಸಾಯ್ತು, ಈ ಬೇಸಿಗೆಯ ಮಳೆ ಯಾರ ಅಂಗಳಕ್ಕೆ ಅಂತ ಒಂದು ದಿನ ಸರಿ ಹೇಳ್ಲಿಕ್ಕೆ ಆಗ್ಲಿಲ್ಲ. ಅದಕ್ಕೇ ಅಲ್ವಾ ಮಗಾ ಆ ಪದ್ಧತಿ ಇಟ್ಟದ್ದು." ಆಮೇಲೆ ಕೋಲಿನಿಂದ ಹಿತ್ತಲ ಕಡೆಗೆ ತೋರಿಸಿದಳು. "ಬಾವಿಯ ಹತ್ರದ ಮರ ಸೋಮಾರಿ, ಎಲ್ಲಾ ಮರ ಹಣ್ಣಾದ ಮೇಲೆ ಅದು ಕಾಯಿ ಬಿಡುದು. ಹೋಗಿ ನೋಡು, ಒಂದಾದ್ರೂ ಉಂಟಾ ಅಂತ."

ಒಂದಿತ್ತು. ಬೆಳೆದ ಕಾಯಿ, ಇನ್ನೂ ಹಣ್ಣಿಗೆ ತಿರುಗಿರಲಿಲ್ಲ. ವಾರಿಜಾ ಅದನ್ನು ತಲೆಯ ಮೇಲೆ ಹೊತ್ತು ತಂದಳು. ಕೈಗೆ ಎಣ್ಣೆ ಸವರಿಕೊಂಡು ತಾನೇ ಕೊಯ್ದಳು, ತೊಳೆ ಬಿಡಿಸಿದಳು, ಹಬೆಯಲ್ಲಿ ಬೇಯಿಸಿದಳು. ಮೆಣಸಿನ ವಾಸನೆ ಇದ್ದೀತೆಂದು ತನ್ನ ಒರಳು ಬಿಟ್ಟು ರತ್ನಾವತಿಯ ಒರಳಿನಲ್ಲೇ ಕುಟ್ಟಿದಳು. ರತ್ನಾವತಿ ಮೊದಲು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಬಂದು ಎದುರು ಕೂತು ಉಂಡೆ ಕಟ್ಟಿದಳು. ವಾರಿಜಾ ಒತ್ತಿದಳು, ಹಪ್ಪಳ ಚಾಪೆ ತುಂಬಿತು. ಮರುದಿನ ಬೆಳಿಗ್ಗೆ ಪ್ರಮೀಳಾಳ ಊರಿಗೆ ಹೊರಟವರು ಬರಿಗೈಯಲ್ಲೇ ಹೋದರು. ಎರಡು ದಿನ ಬಿಟ್ಟು ಇನ್ನೊಬ್ಬರು ಹೋಗುವವರಿದ್ದಾರೆಂದು ತಿಳಿಯಿತು. ಬಿಸಿಲು ಅಷ್ಟು ದಿನ ಕೈ ಕೊಡದಿದ್ದರೆ ಸಾಕಿತ್ತು.

ಎರಡನೆಯ ದಿನ ಮಧ್ಯಾಹ್ನ ರತ್ನಾವತಿಯ ಅಂಗಳದಲ್ಲಿ ಮಗಳ ಹಪ್ಪಳ ಗರಿಗರಿಯಾಗುತ್ತಾ ಬಂದಿತ್ತು. ವಾರಿಜಾಳ ಅಂಗಳದಲ್ಲಿ ಅವಳ ಖಾರದ ಹಪ್ಪಳ, ಇನ್ನೊಂದು ಬಿಸಿಲು ಕಾಣಲೆಂದು. ಮೊನ್ನೆಯಂತೆಯೇ ಗರಿ ಅಲುಗದ ಸೆಖೆ. ಮೊನ್ನೆಯಂತೆಯೇ ಬೆಳಕು ಮಂಕಾಯಿತು. ವಾರಿಜಾ ತಲೆಯೆತ್ತಿದಳು. ಅದೇ ಮೋಡ, ಅದೇ ಮಸಿಬಣ್ಣ, ನಿಂತದ್ದು ಮತ್ತೆ ಅವಳ ಹೆಂಚಿನ ಮೇಲೆಯೇ.

ಈ ಸಲ ಅವಳು ಲೆಕ್ಕ ಹಾಕಲಿಲ್ಲ. ಸೆರಗು ಸಿಕ್ಕಿಸಿಕೊಂಡು ಓಣಿಗೆ ಹಾರಿದಳು. ಓಣಿಯ ನಡುವೆ ಯಾರೋ ಡಿಕ್ಕಿ ಹೊಡೆಯುವಷ್ಟು ಹತ್ತಿರದಲ್ಲಿ ದಾಟಿದರು. ತಿರುಗಿ ನೋಡಿದಳು. ರತ್ನಾವತಿ. ಅವಳು ಒಳಗಿನಿಂದ ಓಡಿ ಬಂದವಳು, ಅಂಗಳದಲ್ಲಿದ್ದ ಮಗಳ ಹಪ್ಪಳವನ್ನು ಬಿಟ್ಟು, ವಾರಿಜಾಳ ಚಾಪೆಯ ಕಡೆಗೆ ಹೋಗುತ್ತಿದ್ದಳು.

ಮೊನ್ನೆ ಅಷ್ಟಾದ ಮೇಲೂ.

ವಾರಿಜಾಳಿಗೆ ನಿಂತು ನೋಡಲು ಹೊತ್ತಿರಲಿಲ್ಲ. ಎದುರಿನ ಚಾಪೆಗಳನ್ನು ಒಂದೊಂದಾಗಿ ಎತ್ತಿ ಜಗಲಿಗೆ ಸೇರಿಸಿದಳು. ಒಂದು ಹಪ್ಪಳವೂ ಮುರಿಯಲಿಲ್ಲ. ಕೊನೆಯ ಚಾಪೆ ಹಿಡಿದು ಮಳೆಯನ್ನು ಕಾದಳು.

ಮಳೆ ಬರಲಿಲ್ಲ. ಕಡಲ ಗಾಳಿ ಎದ್ದು ಮೋಡವನ್ನು ಬಂದ ದಾರಿಗೇ ಹಿಂದಕ್ಕೆ ಅಟ್ಟಿತು. ಎರಡು ಅಂಗಳಕ್ಕೂ ಸುಡುವ ಬಿಸಿಲು ಬಿತ್ತು. ಓಣಿಯ ಈಚೆ ಒಬ್ಬಳು, ಆಚೆ ಒಬ್ಬಳು, ಒಬ್ಬರ ಹಪ್ಪಳ ಇನ್ನೊಬ್ಬರ ಕೈಯಲ್ಲಿ ಹಿಡಿದುಕೊಂಡು ಬೆವರು ಸುರಿಸುತ್ತಾ ನಿಂತಿದ್ದರು.

"ರತ್ನಕ್ಕ," ಎಂದಳು ವಾರಿಜಾ, ಓಣಿಯ ಆಚೆಯಿಂದ. "ನೀವು ನಿಮ್ಮದು ಬಿಟ್ಟು ನನ್ನ ಅಂಗಳಕ್ಕೆ ಹೋದಿರಲ್ಲ. ಮೊನ್ನೆಯ ಹಾಗೆ ನಾನು ಬರದೇ ಹೋಗಿದ್ರೆ?"

ರತ್ನಾವತಿ ಚಾಪೆಯನ್ನು ಮತ್ತೆ ಬಿಸಿಲಿಗೆ ಹಾಸುತ್ತಾ ಹೇಳಿದಳು. "ಮೊನ್ನೆ ನೀನು ತಪ್ಪಿದ್ದಿ ಅಂತ ಇವತ್ತು ನಾನೂ ತಪ್ಪಿದ್ರೆ, ನಾಳೆಯಿಂದ ಈ ಓಣಿಯಲ್ಲಿ ಎಲ್ಲರೂ ಅವರವರ ಅಂಗಳದಲ್ಲೇ ಇರ್ತಾರೆ. ಆಮೇಲೆ ನಾನು ಮನೆ ಬಿಟ್ಟು ಬಸ್‌ಸ್ಟ್ಯಾಂಡಿಗಾದ್ರೂ ಹೋಗುದು ಹೇಗೆ ಮಾರಾಯ್ತಿ?"

ವಾರಿಜಾ ಕೈಯಲ್ಲಿದ್ದ ಚಾಪೆಯನ್ನು ಬಿಸಿಲಿಗೆ ಹಾಸಿದಳು. ಕೂತು ಹಪ್ಪಳ ಒಂದೊಂದಾಗಿ ತಿರುವಿ ಹಾಕಿದಳು. ಕಣ್ಣೀರು ಬೀಳದಂತೆ ಮುಖ ಆಚೆ ಮಾಡಿಕೊಂಡಿದ್ದಳು, ಒಣಗಿದ್ದಕ್ಕೆ ಮತ್ತೆ ನೀರು ತಾಗಬಾರದಲ್ಲ.

ಮರುದಿನ ಹಪ್ಪಳ ಬಸ್ಸು ಹತ್ತಿತು. ವಾರ ಕಳೆದು ಪ್ರಮೀಳಾಳ ಮಾತು ಫೋನಿನಲ್ಲಿ ಬಂತು: ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿದೆ, ಈ ಸಲದ ಹಪ್ಪಳ ಬಹಳ ದುಂಡಗಿದೆ, ಒತ್ತಿದ್ದು ಯಾರು ಎಂದು. ಆ ಹೊತ್ತಿಗೆ ಹೊರಗೆ ಮಳೆಗಾಲದ ಮಳೆ ಶುರುವಾಗಿತ್ತು. ಅದು ಓಣಿಯ ಎರಡೂ ಬದಿಗೆ ಒಂದೇ ಸಮ ಸುರಿಯುತ್ತಿತ್ತು.

ನೀತಿ: ಮಳೆ ಯಾರ ಅಂಗಳಕ್ಕೆ ಬೀಳುತ್ತದೆಂದು ಮೋಡ ನೋಡಿ ಯಾರಿಂದಲೂ ಹೇಳಲಾಗದು. ನನ್ನದು ಮೊದಲು ಎಂದು ಓಡಿದವರು ಎಷ್ಟೋ ಸಲ ಉಳಿಸಿಕೊಳ್ಳುವುದು ಹೇಗೂ ಉಳಿಯುತ್ತಿದ್ದದ್ದನ್ನೇ, ಕಳೆಯುವುದು ತಮ್ಮನ್ನು ನಂಬಿದವರದ್ದನ್ನು. ಮಕ್ಕಳೇ, ಯಾರೂ ನೋಡದಿರುವಾಗಲೂ ಎದುರು ಮನೆಯ ಚಾಪೆಯನ್ನೇ ಮೊದಲು ಎತ್ತಿ. ಒಬ್ಬರು ಒಮ್ಮೆ ತಪ್ಪಿದರೆಂದು ನೀವೂ ತಪ್ಪಬೇಡಿ.